ಮಲೇರಿಯಾ ಔಷಧ ನಿರೋಧಕತೆ: ವಂಶವಾಹಿಗಳು ಹೇಳುವುದೇನು?

ಪ್ರಚಲಿತ ವಿಜ್ಞಾನ | ಜೀವಶಾಸ್ತ್ರ ಮತ್ತು ಆರೋಗ್ಯ

ರೋಗಾಣು: ಪ್ಲಾಸ್ಮೋಡಿಯಂ ಫಾಲ್ಸಿಪಾರಂ. ಮಲೇರಿಯಾ ಸಾವುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಇದರ 14 ವರ್ಣತಂತುಗಳ ಜೀನೋಮ್ ನಕ್ಷೆ 2002ರಲ್ಲಿ ಪ್ರಕಟವಾಯಿತು.

ಕ್ಲೋರೋಕ್ವಿನ್
• ನಿರೋಧಕತೆ 1950ರ ದಶಕದ ಕೊನೆಯಲ್ಲಿ ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲಿ ಮತ್ತು ಕೊಲಂಬಿಯಾದಲ್ಲಿ ಕಂಡಿತು.
• ಕಾರಣ: 7ನೇ ವರ್ಣತಂತುವಿನ ಪಿಎಫ್‌ಸಿಆರ್‌ಟಿ ವಂಶವಾಹಿ. ಅದರ ಪ್ರೋಟೀನಿನ 76ನೇ ಸ್ಥಾನದಲ್ಲಿ ಲೈಸಿನ್ ಬದಲು ಥ್ರಿಯೋನಿನ್ ಬರುತ್ತದೆ.
• ಹರಡುವಿಕೆ: ಏಷ್ಯಾದಲ್ಲಿ ಹುಟ್ಟಿದ ತಳಿಯೇ ಆಫ್ರಿಕಾ ತಲುಪಿತೆಂದು ವಂಶವಾಹಿ ಅಧ್ಯಯನ ತೋರಿಸಿದೆ.

ಆರ್ಟೆಮಿಸಿನಿನ್
• ಶೋಧ: ಚೀನಾದ ತು ಯೂಯೂ (ನೊಬೆಲ್, 2015).
• ನಿರೋಧಕತೆಯ ಗುರುತು: 13ನೇ ವರ್ಣತಂತುವಿನ ಕೆಲ್ಚ್-13 ವಂಶವಾಹಿ. ಕಾಂಬೋಡಿಯಾದ ಮಾದರಿಗಳ ಅಧ್ಯಯನ ಇದನ್ನು ಪತ್ತೆಹಚ್ಚಿತು. ಮೆಕಾಂಗ್ ಪ್ರದೇಶದಲ್ಲಿ ಈ ವಂಶವಾಹಿಯ ಪ್ರಮುಖ ರೂಪಾಂತರ ಸಿ580ವೈ.
• ರುವಾಂಡಾದಲ್ಲಿ ಕಂಡ ಇದೇ ವಂಶವಾಹಿಯ ಆರ್561ಎಚ್ ರೂಪಾಂತರ ಏಷ್ಯಾದಿಂದ ಬಂದುದಲ್ಲ. ಅಲ್ಲಿಯೇ ಸ್ವತಂತ್ರವಾಗಿ ಹುಟ್ಟಿದ್ದು (ಅಧ್ಯಯನ ಪ್ರಕಟಣೆ: 2020).

ಭಾರತ: 2013ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಫಾಲ್ಸಿಪಾರಂ ಚಿಕಿತ್ಸೆಗೆ ಆರ್ಟೆಮಿಸಿನಿನ್ ಆಧಾರಿತ ಸಂಯುಕ್ತ ಔಷಧ ಆರ್ಟೆಮೆಥರ್–ಲುಮೆಫಾಂಟ್ರಿನ್ ಜಾರಿಗೆ ಬಂತು.

ಮಹತ್ವ: ನಿರೋಧಕತೆ ಹೊರಗಿನಿಂದ ಬಂದರೆ ಗಡಿ ಕಣ್ಗಾವಲು ಮುಖ್ಯ, ಸ್ಥಳೀಯವಾಗಿ ಹುಟ್ಟಿದರೆ ಔಷಧ ಬಳಕೆಯ ಶಿಸ್ತು ಮುಖ್ಯ. ಆಫ್ರಿಕಾದ ಪುಟ್ಟ ಮಕ್ಕಳ ಜೀವ ಉಳಿಯಲು ಈ ವ್ಯತ್ಯಾಸ ಬೇಗ ತಿಳಿಯಲೇಬೇಕು.