ತಪ್ಪಿಗೆ ಇರುವ ಎಡೆ: ಮಂಚಿಕೇರಿ ಪರಿಸರದಲ್ಲಿ ಅಧ್ಯಾಪಕ-ವಿದ್ಯಾರ್ಥಿ ವಿಶ್ವಾಸದ ಸ್ವರೂಪ

ಅಧ್ಯಾಪಕ ಮತ್ತು ವಿದ್ಯಾರ್ಥಿಗಳ ನಡುವಣ ವಿಶ್ವಾಸವನ್ನು ಕುರಿತ ಚರ್ಚೆ ಕನ್ನಡದಲ್ಲಿ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗಿದೆ. ಒಂದು ಗುರುಭಕ್ತಿಯ ದಾರಿ. ಇಲ್ಲಿ ವಿಶ್ವಾಸವೆಂಬುದು ಶಿಷ್ಯನು ಸಲ್ಲಿಸಬೇಕಾದ ಕಾಣಿಕೆ. ಇನ್ನೊಂದು ತರಬೇತಿ ಕೈಪಿಡಿಗಳ ದಾರಿ. ಇಲ್ಲಿ ಅದು ಅಧ್ಯಾಪಕನ ಸ್ವಭಾವಕ್ಕೆ ಸೇರಿದ ಗುಣ. (ಕೈಪಿಡಿಗಳು ನಗುಮೊಗವನ್ನು ಶಿಫಾರಸು ಮಾಡುವಷ್ಟು ಸುಲಭವಾಗಿ ಬೇರಾವುದನ್ನೂ ಮಾಡುವುದಿಲ್ಲ.) ಈ ಎರಡೂ ನೆಲೆಗಳು ವಿಶ್ವಾಸವನ್ನು ವ್ಯಕ್ತಿಗಳ ಸದ್ಗುಣವಾಗಿ ಕಾಣುತ್ತವೆಯೇ ಹೊರತು, ಕಲಿಕೆಯ ವ್ಯವಸ್ಥೆಯೊಳಗೆ ಅದು ಹೇಗೆ ಹುಟ್ಟುತ್ತದೆ, ಹೇಗೆ ಒಡೆಯುತ್ತದೆ ಎಂಬುದನ್ನು ಕೇಳುವುದಿಲ್ಲ. ವಿದ್ಯಾರ್ಥಿಯ ತಪ್ಪನ್ನು ಅಧ್ಯಾಪಕನು ಹೇಗೆ ಬರಮಾಡಿಕೊಳ್ಳುತ್ತಾನೆ ಎಂಬಲ್ಲಿಯೇ ಈ ಸಂಬಂಧದ ನಿಜವಾದ ಪರೀಕ್ಷೆಯಿದೆ ಎಂಬ ನಿಲುವನ್ನು ಪ್ರಸ್ತುತ ಲೇಖನವು ಉತ್ತರ ಕನ್ನಡದ ಒಂದು ನಿರ್ದಿಷ್ಟ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ.

ಮಂಚಿಕೇರಿಯು ಶಿರಸಿ-ಯಲ್ಲಾಪುರ ರಸ್ತೆಯಲ್ಲಿ, ಬೇಡ್ತಿ ಹೊಳೆಯ ಸೀಮೆಯಲ್ಲಿರುವ ಯಲ್ಲಾಪುರ ತಾಲ್ಲೂಕಿನ ಊರು. ಸುತ್ತಲೂ ಅಡಿಕೆ ತೋಟ, ಅದರಾಚೆ ಕಾಡು. ತೋಟದ ಒಡೆತನ ಬಹುಪಾಲು ಹವ್ಯಕರದು. ಆ ತೋಟಗಳಲ್ಲಿ ದುಡಿಯುತ್ತ ಬಂದವರಲ್ಲಿ ಸಿದ್ದಿಗಳು ಮುಖ್ಯರು. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಮೂಲಕ ಗುಲಾಮರಾಗಿ ಬಂದು, ಘಟ್ಟದ ಕಾಡುಗಳಲ್ಲಿ ನೆಲೆಗೊಂಡ ಆಫ್ರಿಕ ಮೂಲದ ಈ ಸಮುದಾಯದಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಎಂಬ ಮೂರೂ ಮತಗಳವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಮನೆಮಾತು ಕೊಂಕಣಿಯ ಆಧಾರದ ಮೇಲೆ ಬೆಳೆದ, ಮರಾಠಿ ಮತ್ತು ಕನ್ನಡಗಳನ್ನು ಕೂಡಿಸಿಕೊಂಡ ನುಡಿ. ಒಂದೇ ತರಗತಿಯಲ್ಲಿ ತೋಟದ ಒಡೆಯರ ಮಗುವೂ ಆ ತೋಟದ ಆಳಿನ ಮಗುವೂ ಕುಳಿತುಕೊಳ್ಳುವುದು ಇಲ್ಲಿನ ಶಾಲೆಯ ವಿಶೇಷ. ಪಾಠ ಹೇಳುವವರು ಹಲವು ಸಲ ಒಡೆಯರ ಕಡೆಯವರೇ ಆಗಿರುತ್ತಾರೆ. 1862ರಿಂದ ರಾಜ್ಯ ಪುನರ್ವಿಂಗಡಣೆಯಾದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಜಿಲ್ಲೆಗೆ ‘ಮಾಸ್ತರು’ ಎಂಬ ಮಾತು ಆ ಕಡೆಯಿಂದ ಬಂದದ್ದು. ‘ಅಕ್ಕೋರು’ ಎಂಬುದರಲ್ಲಿ ಅಕ್ಕ ಎಂಬ ನಂಟಿನ ಮಾತೇ ಗೌರವದ ಬಹುವಚನವನ್ನು ಉಟ್ಟಿದೆ. ನಂಟು ಮತ್ತು ದೂರಗಳೆರಡನ್ನೂ ಒಂದೇ ಪದ ಹೊತ್ತಿರುವುದು ಗಮನಾರ್ಹ.

ಈ ತರಗತಿಯಲ್ಲಿ ಕನ್ನಡದ ಲಿಂಗವ್ಯವಸ್ಥೆಯ ಪಾಠ ನಡೆಯುತ್ತಿದೆ ಎಂದಿಟ್ಟುಕೊಳ್ಳೋಣ. ಪಠ್ಯಪುಸ್ತಕದ ಪ್ರಕಾರ ‘ಅಕ್ಕ ಬಂದಳು’, ‘ಗಾಡಿ ಬಂತು’. ಹವ್ಯಕ ಕನ್ನಡದಲ್ಲಿ ಹೆಣ್ಣುಮಕ್ಕಳನ್ನು ನಪುಂಸಕಲಿಂಗದಲ್ಲಿ ಹೇಳುವ ರೂಢಿಯಿದೆ. ಆದ್ದರಿಂದ ಆ ಮನೆಯ ಮಗುವಿಗೆ ‘ಅಕ್ಕ ಬಂತು’ ಎಂಬುದೇ ಸಹಜ. ಕೊಂಕಣಿ ಮತ್ತು ಮರಾಠಿಗಳಲ್ಲಿ ನಿರ್ಜೀವ ವಸ್ತುಗಳಿಗೂ ವ್ಯಾಕರಣದ ಲಿಂಗವಿದೆ. ‘ಗಾಡಿ’ ಎಂಬುದು ಅಲ್ಲಿ ಸ್ತ್ರೀಲಿಂಗ. ಆ ವ್ಯವಸ್ಥೆಯಲ್ಲಿ ಬೆಳೆದ ಮಗು ‘ಗಾಡಿ ಬಂದಳು’ ಎಂದರೆ ಅದು ಅಜ್ಞಾನವಲ್ಲ, ಒಂದು ವ್ಯಾಕರಣದ ನಿಯಮವನ್ನು ಇನ್ನೊಂದಕ್ಕೆ ನಿಷ್ಠೆಯಿಂದ ಅನ್ವಯಿಸಿದ ಫಲ. ಇನ್ನೂ ಕುತೂಹಲದ ಸಂಗತಿಯೆಂದರೆ ಕೊಂಕಣಿಯಲ್ಲಿಯೂ ಎಳೆಯ ಹೆಣ್ಣುಮಕ್ಕಳನ್ನು ನಪುಂಸಕಲಿಂಗದಲ್ಲಿ ಹೇಳುವ ಬಳಕೆಯಿದೆ. ಅಂದರೆ ‘ಬಂದಳು’ ಎಂಬಲ್ಲಿ ‘ಬಂತು’ ಎನ್ನುವ ತಪ್ಪನ್ನು ಒಡೆಯರ ಮಗುವೂ ಆಳಿನ ಮಗುವೂ ಬೇರೆಬೇರೆ ಕಾರಣಗಳಿಂದ ಸಮಾನವಾಗಿ ಮಾಡಬಲ್ಲರು.

ಆದರೆ ಈ ತಪ್ಪುಗಳಿಗೆ ದೊರೆಯುವ ಸ್ವಾಗತ ಸಮಾನವಲ್ಲ. ಹವ್ಯಕ ಮಗುವಿನ ಮಾತಿಗೆ ‘ಪ್ರಾದೇಶಿಕ ಉಪಭಾಷೆ’ ಎಂಬ ಗೌರವದ ಹೆಸರು ಸಿದ್ಧವಾಗಿದೆ. ಆ ಮಾತಿನ ‘ಆನು’ ಎಂಬ ಸರ್ವನಾಮವನ್ನು ಹಳಗನ್ನಡದೊಡನೆ ಹೋಲಿಸಿ ಮೆಚ್ಚುವುದು ಭಾಷಾವಿಜ್ಞಾನದ ಪಾಠಗಳಲ್ಲಿ ಹೊಸದೇನಲ್ಲ. ಸಿದ್ದಿ ಮಗುವಿನ ‘ಗಾಡಿ ಬಂದಳು’ ಎಂಬುದಕ್ಕೆ ದೊರೆಯುವುದು ತರಗತಿಯ ನಗೆ. ನಗೆಯನ್ನು ಅಧ್ಯಾಪಕನು ಆರಂಭಿಸಬೇಕೆಂದಿಲ್ಲ, ತಡೆಯದಿದ್ದರೆ ಸಾಕು. ಆ ಮೇಲೆ ಆ ಮಗು ಮಾತನಾಡುವುದನ್ನು ಬಿಡುತ್ತದೆ, ಅಧ್ಯಾಪಕನು ಆ ಮೌನವನ್ನು ವಿನಯವೆಂದು ಓದಿಕೊಳ್ಳುತ್ತಾನೆ. ತೋಟದ ಅಂಗಳದಲ್ಲಿ ಒಡೆಯರ ಮುಂದೆ ಮೌನವಾಗಿರಲು ಕಲಿತ ಮಗುವಿಗೆ ಶಾಲೆಯ ಮೌನ ಹೊಸದಲ್ಲ. ಇಲ್ಲಿ ಕಾಣುವುದು ವಿಶ್ವಾಸದ ಕೊರತೆ ಎನ್ನುವುದಕ್ಕಿಂತ, ಮಗುವು ತನ್ನ ಸಾಮಾಜಿಕ ಅನುಭವದ ಮೇಲೆ ಇಟ್ಟಿರುವ ನ್ಯಾಯವಾದ ವಿಶ್ವಾಸ ಎನ್ನುವುದೇ ಸರಿ.

ತಪ್ಪನ್ನು ಬರಮಾಡಿಕೊಳ್ಳುವ ವ್ಯವಸ್ಥೆ ಈ ನೆಲಕ್ಕೆ ಅಪರಿಚಿತವೇನಲ್ಲ. ಯಕ್ಷಗಾನ ಮೇಳಗಳ ಸಾಂಪ್ರದಾಯಿಕ ಕಲಿಕೆಯಲ್ಲಿ ಹೊಸಬನು ಮೊದಲು ಕಾಣಿಸಿಕೊಳ್ಳುತ್ತಿದ್ದುದು ಪೂರ್ವರಂಗದಲ್ಲಿ. ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಪ್ರಸಂಗ ಇನ್ನೂ ತೊಡಗಿಲ್ಲ, ಪ್ರೇಕ್ಷಕರು ಇನ್ನೂ ಬರುತ್ತಿದ್ದಾರೆ. ಕೋಡಂಗಿಯ ಹೆಜ್ಜೆ ತಪ್ಪಿದರೆ ಆಟ ಕೆಡುವುದಿಲ್ಲ. ಆದರೆ ಅವನು ಕುಣಿಯುವುದು ನಿಜವಾದ ರಂಗಸ್ಥಳದಲ್ಲಿ, ನಿಜವಾದ ಮದ್ದಳೆಗೆ, ಹಿಂದೆ ಭಾಗವತರಿರುವಾಗ. ಈ ಏರ್ಪಾಟಿನ ಸೂಕ್ಷ್ಮವೆಂದರೆ ಹೊಸಬನನ್ನು ಹೊರಗೆ ಕೂರಿಸಿ ‘ಸಿದ್ಧನಾದ ಮೇಲೆ ಬಾ’ ಎನ್ನುವುದಿಲ್ಲ. ತಪ್ಪಿದರೂ ನಡೆಯುವ ಜಾಗವೊಂದನ್ನು ಆಟದೊಳಗೇ ಕಟ್ಟಿಕೊಡುತ್ತದೆ. ಮೇಳದ ಬದುಕಿನಲ್ಲಿ ಬೈಗುಳವೂ ಜಾತಿಯ ಗೆರೆಗಳೂ ಸಾಕಷ್ಟಿದ್ದವು, ಅದನ್ನು ಆದರ್ಶವಾಗಿಸುವ ಅಗತ್ಯವಿಲ್ಲ. ಆದರೂ ಇಂದಿನ ಪದವಿ ತರಗತಿಯಲ್ಲಿ ಕೋಡಂಗಿಯ ಹೊತ್ತು ಎಲ್ಲಿದೆ ಎಂದು ಕೇಳಿಕೊಳ್ಳುವುದು ಯೋಗ್ಯ. ಆಂತರಿಕ ಮೌಲ್ಯಮಾಪನದ ಅಂಕಗಳು ಮೊದಲ ವಾರದಿಂದಲೇ ತೂಗುತ್ತಿರುವಾಗ ಪ್ರತಿ ತಪ್ಪಿಗೂ ಬೆಲೆ ನಿಗದಿಯಾಗಿರುತ್ತದೆ.

ಮಂಚಿಕೇರಿಯನ್ನು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಗುರುತಿಸುವಂತೆ ಮಾಡಿದ್ದು 1980ರ ದಶಕದ ಒಂದು ಪ್ರಯೋಗ. ನೀನಾಸಮ್‌ನ ಒಡನಾಟದ ನಿರ್ದೇಶಕ ಚಿದಂಬರರಾವ್ ಜಂಬೆಯವರು ಇಲ್ಲಿನ ಸಿದ್ದಿಗಳನ್ನೇ ನಟರನ್ನಾಗಿ ಮಾಡಿಕೊಂಡು, ಚಿನುವಾ ಅಚೆಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಆಧರಿಸಿದ ನಾಟಕವನ್ನು ಕನ್ನಡದಲ್ಲಿ ಆಡಿಸಿದರು. ಆಫ್ರಿಕದ ಕಥೆಯನ್ನು ಆಫ್ರಿಕ ಮೂಲದವರು ಆಡುವುದು ಎಂಬ ಕಲ್ಪನೆ ಆಕರ್ಷಕವಾದುದು, ಆದರೆ ಸಡಿಲವಾದುದು. ಅಚೆಬೆಯ ಇಗ್ಬೊ ಜನ ಪಶ್ಚಿಮ ಆಫ್ರಿಕದವರು. ಪೋರ್ಚುಗೀಸರು ಈ ಕಡೆಗೆ ಜನರನ್ನು ತಂದದ್ದು ಹೆಚ್ಚಾಗಿ ಪೂರ್ವದ ಮೊಜಾಂಬಿಕ್ ಕಡೆಯಿಂದ. ಹೀಗಾಗಿ ಈ ಪ್ರಯೋಗದ ಮಹತ್ವವನ್ನು ರಕ್ತಸಂಬಂಧದಲ್ಲಿ ಅಲ್ಲ, ತಾಲೀಮು ಎಂಬ ಕಲಿಕೆಯ ಕ್ರಮದಲ್ಲಿಯೇ ಹುಡುಕಬೇಕು. ತಾಲೀಮಿನಲ್ಲಿ ನಿರ್ದೇಶಕನು ನಟನ ಪರವಾಗಿ ಮಾತನಾಡಲಾರ. ಹೇಳಿಕೊಡಬಹುದು, ಕೊನೆಗೆ ಆಡಬೇಕಾದವನು ನಟನೇ. ಅಲ್ಲಿ ತಪ್ಪು ದಾಖಲಾಗುವುದಿಲ್ಲ, ಮತ್ತೊಮ್ಮೆ ಆಡಲಾಗುತ್ತದೆ. ಪ್ರದರ್ಶನದ ದಿನ ಇಬ್ಬರ ಮಾನವೂ ಒಟ್ಟಿಗೇ ಪಣಕ್ಕಿರುತ್ತದೆ. ಬೋಧಕನೂ ಕಲಿಯುವವನೂ ಒಂದೇ ಅಪಾಯದಲ್ಲಿ ಪಾಲುದಾರರಾಗುವ ಈ ಸ್ಥಿತಿ ತರಗತಿಯಲ್ಲಿ ಅಪರೂಪ. ವಿದ್ಯಾರ್ಥಿ ಅನುತ್ತೀರ್ಣನಾದರೆ ಅಧ್ಯಾಪಕನು ಕಳೆದುಕೊಳ್ಳುವುದು ಬಹಳವಿಲ್ಲ. ಮುಂದಿನ ತಲೆಮಾರಿನಲ್ಲಿ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ಮೊದಲಾದವರು ನೀನಾಸಮ್‌ನಲ್ಲಿ ಕಲಿತು ರಂಗಭೂಮಿ ಮತ್ತು ಚಲನಚಿತ್ರಗಳಲ್ಲಿ ಹೆಸರಾದರು.

ಇದೇ ದಶಕದ ಇನ್ನೊಂದು ತರಬೇತಿಯನ್ನು ಇದರ ಪಕ್ಕದಲ್ಲಿರಿಸಿ ನೋಡಬೇಕು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ದಿತು. ಆಫ್ರಿಕ ಮೂಲದವರು ಹುಟ್ಟಿನಿಂದಲೇ ಓಟಗಾರರು ಎಂಬ ಊಹೆ ಅದರ ಹಿಂದಿತ್ತು. ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಓದೂ ಆಟವೂ ನಡುವೆ ಕಡಿದು ಹಲವರು ಊರಿಗೆ, ಕೂಲಿಗೆ ಮರಳಿದರು. ನಾಟಕವೂ ಕ್ರೀಡಾ ಯೋಜನೆಯೂ ಹೊರಟದ್ದು ‘ಆಫ್ರಿಕ’ ಎಂಬ ಒಂದೇ ಊಹೆಯಿಂದ. ಆದರೆ ನಾಟಕವು ಮಂಚಿಕೇರಿಗೆ ಬಂದಿತ್ತು, ಕ್ರೀಡೆಯು ಮಕ್ಕಳನ್ನು ಅಲ್ಲಿಂದ ಒಯ್ದಿತ್ತು. ತರಬೇತುದಾರರು ವೈಯಕ್ತಿಕವಾಗಿ ಎಷ್ಟೇ ಅಕ್ಕರೆಯವರಾಗಿದ್ದರೂ, ಫಲಿತಾಂಶಕ್ಕೆ ಮಾತ್ರ ಬೆಲೆ ಕಟ್ಟುವ ವ್ಯವಸ್ಥೆಯೊಂದು ಕೈಬಿಟ್ಟಾಗ ಆ ಅಕ್ಕರೆ ಮಕ್ಕಳನ್ನು ಉಳಿಸಲಾರದು.

ಕನ್ನಡ ವಿಭಾಗಗಳು ಈ ಟೀಕೆಯಿಂದ ಹೊರಗಿಲ್ಲ. ಜಾನಪದ ಸಂಶೋಧನೆಯ ಹೆಸರಿನಲ್ಲಿ ಸಿದ್ದಿಗಳ ಹಾಡು, ಡಮಾಮಿ ಕುಣಿತಗಳನ್ನು ಸಂಗ್ರಹಿಸುವವರ ಪಾಲಿಗೆ ಸಿದ್ದಿ ‘ವಕ್ತೃ’. ಆ ಸಮುದಾಯದ ವಿದ್ಯಾರ್ಥಿಯೊಬ್ಬ ಸ್ನಾತಕೋತ್ತರ ತರಗತಿಗೆ ಬಂದರೂ ಅವನು ವಕ್ತೃವಾಗಿಯೇ ಉಳಿಯುವ ಅಪಾಯವಿದೆ: ಹಾಡು ಹೇಳಲು ಕರೆಯುತ್ತಾರೆ, ವಿಶ್ಲೇಷಣೆಯ ಹೊತ್ತಿಗೆ ಮರೆಯುತ್ತಾರೆ. ಪಾವ್ಲೊ ಫ್ರೇರೆ ಹೇಳಿದ ಬ್ಯಾಂಕಿನ ಮಾದರಿಯಲ್ಲಿ ಅಧ್ಯಾಪಕನು ವಿದ್ಯಾರ್ಥಿಯಲ್ಲಿ ಠೇವಣಿ ಇಡುತ್ತಾನೆ. ಇಲ್ಲಿ ನಡೆಯುವುದು ಹಿಂಪಡೆತ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಸಾಧ್ಯವಾದಷ್ಟೂ ಮಗುವಿನ ತಾಯ್ನುಡಿಯಲ್ಲಿ ಬೋಧಿಸಬೇಕೆನ್ನುತ್ತದೆ. ಅದೇ ಕಲಮು ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಬೇಕೆಂದೂ ಹೇಳುತ್ತದೆ. ಕಾಯ್ದೆಯು ಈ ಎರಡನ್ನೂ ಒಂದೇ ಕಡೆ ಇರಿಸಿರುವುದು ಅರ್ಥಪೂರ್ಣ. ಮಂಚಿಕೇರಿಯಂಥ ತರಗತಿಯಲ್ಲಿ ಎಲ್ಲರ ತಾಯ್ನುಡಿಯಲ್ಲೂ ಪಾಠ ಮಾಡುವುದು ಕಷ್ಟ. ಆದರೆ ‘ಗಾಡಿ ಬಂದಳು’ ಎಂದ ಮಗುವನ್ನು ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳಿ, ಬಂದ ಉತ್ತರವನ್ನು ಹಲಗೆಯ ಮೇಲೆ ಪಠ್ಯದ ವಾಕ್ಯದ ಪಕ್ಕದಲ್ಲಿ ಬರೆಯುವುದು ಯಾವ ಅಧ್ಯಾಪಕನಿಗೂ ಅಸಾಧ್ಯವಲ್ಲ. ಆಗ ಲಿಂಗವ್ಯವಸ್ಥೆಯ ಪಾಠ ಮೂರು ಭಾಷೆಗಳ ಹೋಲಿಕೆಯಾಗುತ್ತದೆ, ‘ಅಕ್ಕ ಬಂತು’ ಎಂದ ಮಗುವೂ ಅದರೊಳಗೆ ಬರುತ್ತದೆ. ಕೊಂಕಣಿಯ ಅನುನಾಸಿಕ ಸ್ವರಗಳನ್ನು ಕನ್ನಡ ಲಿಪಿ ಪೂರ್ತಿಯಾಗಿ ಹಿಡಿಯಲಾರದು. ಅಧ್ಯಾಪಕನು ಹಲಗೆಯ ಮೇಲಿನದನ್ನು ಓದುವಾಗ ಬಹುಶಃ ತಪ್ಪಾಗಿಯೇ ಉಚ್ಚರಿಸುತ್ತಾನೆ, ಮಗು ತಿದ್ದುತ್ತದೆ. ಅವನು ಮತ್ತೊಮ್ಮೆ ಹೇಳಿ ನೋಡಬೇಕಾಗುತ್ತದೆ.