ಕಿರಿದರಲ್ಲಿ ಹಿರಿದು

ಕಾರವಾರದ ಕಡಲತೀರವು ಇಂದು ಕವಿ ರವೀಂದ್ರನಾಥ ಟಾಗೋರರ ಹೆಸರನ್ನು ಹೊತ್ತಿದೆ. ಅವರ ಅಣ್ಣ ಸತ್ಯೇಂದ್ರನಾಥರು ಈ ಊರಿನಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರರು ಅಣ್ಣನ ಮನೆಗೆ ಬಂದು ಕೆಲಕಾಲ ತಂಗಿದರು. ಗಾಳಿಮರಗಳ ತೋಪು, ವಿಶಾಲವಾದ ಮಳಲ ದಂಡೆ, ಕಡಲನ್ನು ಸೇರುವ ಕಾಳಿ ನದಿ ಅವರ ಮನಸ್ಸನ್ನು ಸೂರೆಗೊಂಡವು. ಬೆಳದಿಂಗಳ ರಾತ್ರಿಯೊಂದರಲ್ಲಿ ಕಾಳಿಯ ಮೇಲೆ ಕೈಗೊಂಡ ದೋಣಿವಿಹಾರವನ್ನು ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಇಲ್ಲಿಯೇ ಅವರು 'ಪ್ರಕೃತಿಯ ಪ್ರತೀಕಾರ' ಎಂಬ ನಾಟಕವನ್ನು ಬರೆದರು. ಲೋಕದ ಬಂಧನಗಳನ್ನೆಲ್ಲ ಕಡಿದೊಗೆದೆನೆಂದು ಹೆಮ್ಮೆಪಡುವ ಸಂನ್ಯಾಸಿಯೇ ಅದರ ನಾಯಕ. ಅನಾಥ ಬಾಲಕಿಯೊಬ್ಬಳ ಮಮತೆಯು ಅವನನ್ನು ಮರಳಿ ಲೋಕದ ಕಡೆಗೆ ಸೆಳೆಯುತ್ತದೆ. ಅನಂತವಾದುದು ಅಲ್ಪವಾದುದರಲ್ಲಿಯೇ ನೆಲೆಸಿದೆ ಎಂಬುದು ಆ ನಾಟಕದ ತಿರುಳು.

ಮೂವತ್ತಮೂರು ವರ್ಷಗಳ ಅನಂತರ, 1916ರಲ್ಲಿ, ರವೀಂದ್ರರು ಹಡಗನ್ನೇರಿ ಜಪಾನಿಗೆ ತೆರಳಿದರು. ಕಾರವಾರದಲ್ಲಿ ಕಂಡುಕೊಂಡ ಸತ್ಯವನ್ನೇ ಜನಜೀವನದಲ್ಲಿ ನಿತ್ಯವೂ ಆಚರಿಸುವ ನಾಡೊಂದು ಅಲ್ಲಿ ಅವರ ಕಣ್ಣಿಗೆ ಬಿದ್ದಿತು. ಆ ಪ್ರವಾಸದ ಅನುಭವಗಳನ್ನು ಅವರು 'ಜಪಾನ್ ಯಾತ್ರಿ' ಎಂಬ ಗ್ರಂಥದಲ್ಲಿ ನಿರೂಪಿಸಿದ್ದಾರೆ.

ಜಪಾನೀಯರ 'ಹೈಕು' ಮೂರೇ ಸಾಲಿನ ಕವಿತೆ. ಐದು, ಏಳು, ಐದು ಎಂಬ ಕ್ರಮದಲ್ಲಿ ಅದಕ್ಕೆ ಒಟ್ಟು 17 ಮಾತ್ರೆಗಳು. ಹದಿನೇಳನೆಯ ಶತಮಾನದ ಬಾಷೋ ಈ ಪ್ರಕಾರದ ಶ್ರೇಷ್ಠ ಕವಿ. ಹಳೆಯ ಕೊಳವೊಂದಕ್ಕೆ ಕಪ್ಪೆ ನೆಗೆದ ಸದ್ದು, ಅಷ್ಟೇ ಅವನ ಪ್ರಸಿದ್ಧ ಹೈಕುವಿನ ವಸ್ತು. ಉಳಿದ ನೀರವತೆಯನ್ನು ಓದುಗನೇ ಕೇಳಿಸಿಕೊಳ್ಳಬೇಕು. ಕಿರಿದಾದ ಪದ್ಯದ ಬಲ್ಮೆ ಉತ್ತರ ಕನ್ನಡಕ್ಕೂ ಹೊಸತಲ್ಲ. ಅಂಕೋಲೆ ತಾಲೂಕಿನ ಅಲಗೇರಿಯಲ್ಲಿ ಜನಿಸಿದ ದಿನಕರ ದೇಸಾಯಿಯವರು (1909-1982) ನಾಲ್ಕು ಸಾಲಿನ ಚುಟುಕಗಳಿಂದ ನಾಡಿನಲ್ಲೆಲ್ಲ ಮನೆಮಾತಾದರು. ಚುಟುಕವು ಪ್ರಾಸದಿಂದ ನಗಿಸಿ ಚುಚ್ಚುತ್ತದೆ. ಹೈಕು ಮೌನದಿಂದ ತಟ್ಟುತ್ತದೆ. ದಾರಿ ಬೇರೆಯಾದರೂ ಮಿತವಾದ ಮಾತಿನ ಮೇಲಣ ನಂಬಿಕೆ ಎರಡರಲ್ಲಿಯೂ ಒಂದೇ.

ಜಪಾನಿನ ಚಹಾ ಸತ್ಕಾರವೂ ಇಂಥದೇ. ಹದಿನಾರನೆಯ ಶತಮಾನದಲ್ಲಿ ಸೆನ್ ನೋ ರಿಕ್ಯು ಎಂಬ ಗುರುವು ಅದಕ್ಕೆ ಸರಳವಾದ ರೂಪವನ್ನು ಕೊಟ್ಟನು. ಅಂಥ ಚಹಾ ಮನೆಯ ಬಾಗಿಲು ಬಹಳ ತಗ್ಗು. ಎಂಥ ವೀರನಾದರೂ ಖಡ್ಗವನ್ನು ಹೊರಗಿರಿಸಿ, ಮೈಬಾಗಿಸಿ, ತೆವಳುತ್ತಲೇ ಒಳಹೋಗಬೇಕು. ಒಳಗೆ ದೊರೆಯೂ ಇಲ್ಲ, ಸೇವಕನೂ ಇಲ್ಲ, ಎಲ್ಲರೂ ಅತಿಥಿಗಳೇ.

ಆದರೆ ಖಡ್ಗವನ್ನು ಹೊರಗಿಡುವ ಈ ಪಾಠವನ್ನು ಜಪಾನು ಸದಾ ನೆನಪಿನಲ್ಲಿಟ್ಟುಕೊಳ್ಳಲಿಲ್ಲ. 1868ರ ಅನಂತರ ಅದು ಪಾಶ್ಚಾತ್ಯರಿಂದ ರೈಲು, ಕಾರ್ಖಾನೆ, ಶಿಕ್ಷಣಪದ್ಧತಿಗಳನ್ನು ಬಹು ಬೇಗ ಕಲಿತುಕೊಂಡಿತು. ಅವುಗಳೊಡನೆ ಸಾಮ್ರಾಜ್ಯದಾಹವನ್ನೂ ಬರಮಾಡಿಕೊಂಡು, 1910ರಲ್ಲಿ ಕೊರಿಯಾವನ್ನು ನುಂಗಿತು. ಟೋಕಿಯೋದಲ್ಲಿ ಭಾಷಣ ಮಾಡಿದ ರವೀಂದ್ರರು, ಯಂತ್ರವನ್ನು ಕಲಿಯುವುದು ಸರಿ, ಪರರನ್ನು ತುಳಿಯುವ ರಾಷ್ಟ್ರಾಭಿಮಾನವನ್ನು ಕಲಿಯಬಾರದು ಎಂದು ಎಚ್ಚರಿಸಿದರು. ಅತಿಥಿಯನ್ನು ಆದರದಿಂದ ಸ್ವಾಗತಿಸಿದವರಲ್ಲಿಯೇ ಹಲವರು, ಇದು ಸೋತ ನಾಡಿನ ಕವಿಯ ಮಾತೆಂದು ಮುಖ ತಿರುಗಿಸಿದರು. 1945ರ ಆಗಸ್ಟಿನಲ್ಲಿ ಹಿರೋಷಿಮಾ, ನಾಗಸಾಕಿ ನಗರಗಳು ಅಣುಬಾಂಬಿಗೆ ಆಹುತಿಯಾದವು. ಆ ದುರಂತವನ್ನು ಕಾಣಲು ಕವಿ ಬದುಕಿರಲಿಲ್ಲ.

ಯುದ್ಧದ ಬಳಿಕ ಜಪಾನು 1947ರ ಸಂವಿಧಾನದಲ್ಲಿ ಯುದ್ಧವನ್ನು ತ್ಯಜಿಸಿತು. ಬೂದಿಯಿಂದ ಮೇಲೆದ್ದು ನಿಲ್ಲಲು ಅದರ ಹಳೆಯ ಗುಣವೇ ನೆರವಾಯಿತು. ಕುಂಡದಲ್ಲಿ ಹೆಮ್ಮರದ ರೂಪವನ್ನು ತಿದ್ದಬಲ್ಲ ನಾಡಿನಲ್ಲಿ, 1957ರಲ್ಲಿ ಜೇಬಿಗೆ ಒಪ್ಪುವ ಗಾತ್ರದ ರೇಡಿಯೋ, 1979ರಲ್ಲಿ ನಡೆಯುತ್ತಲೇ ಸಂಗೀತ ಕೇಳಿಸುವ 'ವಾಕ್‌ಮನ್' ಸಿದ್ಧವಾದವು. 1964ರಲ್ಲಿ ಟೋಕಿಯೋ-ಒಸಾಕಾ ನಡುವೆ ಗಂಟೆಗೆ 210 ಕಿಲೋಮೀಟರ್ ವೇಗದ ರೈಲು ಓಡತೊಡಗಿತು. ಅದೇ ನಾಡಿನ ಶಾಲೆಗಳಲ್ಲಿ ಇಂದಿಗೂ ಮಕ್ಕಳೇ ಕಸಬರಿಗೆ ಹಿಡಿದು ತಮ್ಮ ತರಗತಿಯನ್ನು ಗುಡಿಸಿ ಒರೆಸುತ್ತಾರೆ. ಅದನ್ನು ಯಾರೂ ಕೀಳು ಕೆಲಸವೆಂದು ಬಗೆಯುವುದಿಲ್ಲ.

ಚಿಕ್ಕ ಕೆಲಸವನ್ನು ಶ್ರದ್ಧೆಯಿಂದ ಮಾಡಿದಾಗ ಜಪಾನು ಹಿರಿದಾಯಿತು. ಹಿರಿತನದ ಹುಚ್ಚು ಹಿಡಿದಾಗ ಕಿರಿದಾಯಿತು. ಕಾರವಾರದ ದಂಡೆಯಲ್ಲಿ ತರುಣ ಕವಿಗೆ ಹೊಳೆದ ಮಾತಿಗೆ ಒಂದು ನಾಡಿನ ಚರಿತ್ರೆಯೇ ಸಾಕ್ಷಿಯಾಗಿ ನಿಂತಿದೆ.

ಅಭ್ಯಾಸ

1. 'ಪ್ರಕೃತಿಯ ಪ್ರತೀಕಾರ' ನಾಟಕದ ತಿರುಳೇನು?
2. ಹೈಕುವಿಗೂ ಚುಟುಕಕ್ಕೂ ಇರುವ ಸಾಮ್ಯ, ಭೇದಗಳನ್ನು ತಿಳಿಸಿರಿ.
3. ಚಹಾ ಮನೆಯ ತಗ್ಗು ಬಾಗಿಲು ಯಾವ ಪಾಠವನ್ನು ಕಲಿಸುತ್ತದೆ? ಅದನ್ನು ಮರೆತುದರ ಫಲವೇನಾಯಿತು?