ಜಾಹೀರಾತಿಗೂ ಓಟಿ ಇದೆ: ಬರಹದ ಪಕ್ಕದ ಜಾಹೀರಾತಿನಿಂದ ವರಮಾನ ಹೆಚ್ಚಿಸಿಕೊಳ್ಳುವ ಬಗೆ



ಬೋರ್ಡೋ ದ್ರಾವಣ, ಕೊಳೆರೋಗ, ಗೊಬ್ಬರದ ಲೆಕ್ಕ ಇವುಗಳ ನಡುವೆ ಜಾಹೀರಾತಿನ ಪಾಠಕ್ಕೆ ನಮ್ಮ ಪತ್ರಿಕೆಯಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಕಾರಣವಿದೆ. ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಓದಿದ ಮಕ್ಕಳು ಬಿಳಿ ಕಾಂಡಕೊರಕ, ಕಾಳುಮೆಣಸಿನ ಕಸಿ, ಅಡಿಕೆ ಸುಲಿಯುವ ಯಂತ್ರ ಮುಂತಾದ ವಿಷಯಗಳ ಮೇಲೆ ಅಂತರ್ಜಾಲದಲ್ಲಿ ಬರೆಯತೊಡಗಿದ್ದಾರೆ. ಆ ಬರಹಗಳ ಪಕ್ಕದಲ್ಲಿ ಜಾಹೀರಾತು ಹಾಕಲು ಅವಕಾಶ ಕೊಟ್ಟರೆ ಅಷ್ಟಿಷ್ಟು ಹಣವೂ ಬರುತ್ತದೆ. ಈ ಹಣ ಹೇಗೆ ಹುಟ್ಟುತ್ತದೆ, ಅದನ್ನು ಹೆಚ್ಚಿಸಬಹುದೇ ಎಂದು ಸಂಘದ ಕಚೇರಿಗೆ ಬಂದವರು ಆಗಾಗ ಕೇಳುತ್ತಿದ್ದಾರೆ. ಒಂದು ಮನೆಯಲ್ಲಿ ಈ ವಿಷಯ ತಿಳಿಯದೆ ನಷ್ಟವೂ ಆಯಿತು. ಆದ್ದರಿಂದ ನಾವು ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ವರಮಾನದ ಲೆಕ್ಕ

ಒಣಗಿದ ಚೆರ್ರಿಯನ್ನು ಮಾರುವಾಗ ನಾವು ಮೂಟೆಯ ತೂಕವೊಂದನ್ನೇ ನೋಡುವುದಿಲ್ಲ. 50 ಕಿಲೋ ಮೂಟೆಯಿಂದ ಎಷ್ಟು ಕಿಲೋ ಬೀಜ ಇಳಿಯುತ್ತದೆ, ಅಂದರೆ ಓಟಿ ಎಷ್ಟು, ಎಂದು ಕೇಳುತ್ತೇವೆ. ಆಮೇಲೆ ಒಂದು ಓಟಿಗೆ ದರವೇನು ಎಂದು ಕೇಳುತ್ತೇವೆ. ಜಾಹೀರಾತಿನ ಲೆಕ್ಕವೂ ಹೀಗೆಯೇ. ಜಾಹೀರಾತು ಎಷ್ಟು ಸಲ ಓದುಗರ ಎದುರಿಗೆ ಬಂತು ಎಂಬುದು ಮೂಟೆಯ ತೂಕ. ನೂರು ಸಲ ಬಂದರೆ ಎಷ್ಟು ಸಲ ಅದನ್ನು ಒತ್ತಿದರು ಎಂಬುದು ಓಟಿ. ಇದಕ್ಕೆ ಕ್ಲಿಕ್ ಪ್ರಮಾಣ ಎನ್ನುತ್ತಾರೆ. ಒಂದು ಕ್ಲಿಕ್ಕಿಗೆ ಸಿಗುವ ಹಣವೇ ದರ.

ಒಂದು ಉದಾಹರಣೆ ನೋಡೋಣ. ತಿಂಗಳಿಗೆ 10,000 ಸಲ ಜಾಹೀರಾತು ಕಾಣಿಸಿತೆನ್ನಿ. ನೂರಕ್ಕೆ ಒಂದರಂತೆ 100 ಕ್ಲಿಕ್ ಬಂದು, ಕ್ಲಿಕ್ಕಿಗೆ 3 ರೂಪಾಯಿ ಸಿಕ್ಕಿದರೆ 300 ರೂಪಾಯಿ ಆಯಿತು. ಈಗ ಏನೋ ಉಪಾಯ ಮಾಡಿ ಕ್ಲಿಕ್ಕುಗಳನ್ನು 200ಕ್ಕೆ ಏರಿಸಿದೆವು, ಆದರೆ ದರ 1 ರೂಪಾಯಿಗೆ ಇಳಿಯಿತು ಎಂದುಕೊಳ್ಳಿ. ಕೈಗೆ ಬಂದದ್ದು 200 ರೂಪಾಯಿ ಮಾತ್ರ. ಓಟಿ ದುಪ್ಪಟ್ಟಾದರೂ ವರಮಾನ ಇಳಿಯಿತು! ಆದ್ದರಿಂದ ಕ್ಲಿಕ್ ಪ್ರಮಾಣವೊಂದನ್ನೇ ಹಿಡಿದು ಕೂರದೆ, ಸಾವಿರ ಸಲ ಕಾಣಿಸಿದರೆ ಎಷ್ಟು ರೂಪಾಯಿ ಬಂತು ಎಂದು ನೋಡಬೇಕು. ಮೊದಲಿನದರಲ್ಲಿ ಸಾವಿರಕ್ಕೆ 30, ಎರಡನೆಯದರಲ್ಲಿ 20. ಇದೇ ಸರಿಯಾದ ಅಳತೆಗೋಲು.

ಈ ಎಣಿಕೆ ಹೊಸದಲ್ಲ

ಜಾಹೀರಾತಿಗೆ ಬಂದ ಉತ್ತರವನ್ನು ಎಣಿಸುವ ಪದ್ಧತಿ ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತು ತಜ್ಞರು ಪತ್ರಿಕೆಯಲ್ಲಿ ಕತ್ತರಿಸಿ ಕಳಿಸುವ ಕೂಪನ್ನುಗಳನ್ನು ಅಚ್ಚು ಮಾಡಿಸಿ, ಒಂದೊಂದು ಜಾಹೀರಾತಿಗೆ ಒಂದೊಂದು ಗುರುತು ಹಾಕಿ, ಯಾವುದರಿಂದ ಎಷ್ಟು ಕೂಪನ್ ಬಂತೆಂದು ಎಣಿಸುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಊಹೆಯನ್ನು ಬಿಟ್ಟು ಪರೀಕ್ಷೆಯನ್ನು ನಂಬಬೇಕೆಂಬ ಅವರ ಪುಸ್ತಕ 1923ರಲ್ಲಿ ಪ್ರಕಟವಾಯಿತು.

1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ಅಂತರ್ಜಾಲ ಪತ್ರಿಕೆಯಲ್ಲಿ ಎ.ಟಿ. ಅಂಡ್ ಟಿ. ಕಂಪನಿಯ ಪಟ್ಟಿ ಜಾಹೀರಾತು ಬಂದಾಗ ಅದನ್ನು ಕಂಡವರಲ್ಲಿ ನೂರಕ್ಕೆ 44 ಜನ ಒತ್ತಿದರೆಂದು ಹೇಳಲಾಗುತ್ತದೆ. ಹೊಸತರ ಕುತೂಹಲ ಅಷ್ಟಿತ್ತು. ಇಂದು ಅಂತಹ ಪಟ್ಟಿಗಳಿಗೆ ನೂರಕ್ಕೆ ಒಂದು ಕ್ಲಿಕ್ ಸಿಗುವುದೂ ಕಷ್ಟ. 1998ರಲ್ಲಿ ರೈಸ್ ವಿಶ್ವವಿದ್ಯಾಲಯದ ಬೆನ್ವೇ ಮತ್ತು ಲೇನ್ ಎಂಬುವರು ಒಂದು ಪ್ರಯೋಗ ನಡೆಸಿದರು. ಓದುಗರು ಹುಡುಕುತ್ತಿದ್ದ ಮಾಹಿತಿಯನ್ನೇ ದೊಡ್ಡ ಬಣ್ಣದ ಪಟ್ಟಿಯಲ್ಲಿ ಇಟ್ಟರೂ ಅನೇಕರು ಅದನ್ನು ಕಾಣದೆ ಹೋದರು. ಜಾಹೀರಾತಿನಂತೆ ತೋರುವುದನ್ನು ಕಣ್ಣು ತಾನಾಗಿಯೇ ಬಿಟ್ಟುಬಿಡುತ್ತದೆ. ಹೀಗಾಗಿ ಜಾಹೀರಾತನ್ನು ಇನ್ನಷ್ಟು ದೊಡ್ಡದು ಮಾಡುವುದರಿಂದ, ಮಿನುಗಿಸುವುದರಿಂದ ಹೆಚ್ಚೇನೂ ಸಾಧಿಸಿದಂತಾಗುವುದಿಲ್ಲ.

ಹಣ ಕೊಡುವವರ ಕಡೆಯಿಂದ

ಕ್ಲಿಕ್ಕಿನ ಹಣ ಆಕಾಶದಿಂದ ಬೀಳುವುದಿಲ್ಲ. ಜಾಹೀರಾತು ಕೊಟ್ಟ ವ್ಯಾಪಾರಿ ಅದನ್ನು ತೆರುತ್ತಾನೆ. ಈ ಮಾತು ನಮಗೆ ಚೆನ್ನಾಗಿ ಅರಿವಾದದ್ದು ನಮ್ಮ ಸಂಘದ ಕಾಫಿಪುಡಿಗೆ ನಾವೇ ಜಾಹೀರಾತು ಕೊಟ್ಟಾಗ. ಮೊದಲ ಸಲ 5,000 ರೂಪಾಯಿ ಕಟ್ಟಿ, ಎಲ್ಲೆಂದರಲ್ಲಿ ಕಾಣಿಸಲಿ ಎಂದು ಬಿಟ್ಟೆವು. ಕ್ಲಿಕ್ಕಿಗೆ 4 ರೂಪಾಯಿಯಂತೆ 1,250 ಕ್ಲಿಕ್ ಬಂದವು. ಕಚೇರಿಯಲ್ಲಿ ಎಲ್ಲರಿಗೂ ಸಂತೋಷ. ಆದರೆ ಪುಡಿ ತರಿಸಿಕೊಂಡವರು ಆರೇ ಜನ! ಹೆಚ್ಚಿನ ಕ್ಲಿಕ್ಕುಗಳು ಮಕ್ಕಳ ಆಟಗಳ ನಡುವೆ ಬೆರಳು ತಾಗಿ ಆದವು ಎಂದು ವಿವರ ತೆಗೆಸಿ ನೋಡಿದಾಗ ತಿಳಿಯಿತು. ಅದು ಸದಸ್ಯರ ಹಣ. ಆಡಳಿತ ಮಂಡಳಿಯ ಸಭೆಯಲ್ಲಿ ಉತ್ತರ ಹೇಳಬೇಕಾದವರು ನಾವು.

ಎರಡನೆಯ ಸಲ ಕಾಫಿ ಮಾಡುವ ವಿಧಾನ, ಚಿಕೋರಿ ಬೆರಕೆ, ಫಿಲ್ಟರ್ ಆಯ್ಕೆ ಇಂತಹ ಬರಹಗಳ ಪಕ್ಕದಲ್ಲಿ ಮಾತ್ರ ಕಾಣುವಂತೆ ಕೇಳಿಕೊಂಡೆವು. ಕ್ಲಿಕ್ಕಿಗೆ 10 ರೂಪಾಯಿ ಆಯಿತು. ಅದೇ 5,000ಕ್ಕೆ ಬಂದದ್ದು 500 ಕ್ಲಿಕ್ ಮಾತ್ರ, ಆದರೆ 27 ಜನ ಪುಡಿ ಕೊಂಡರು. ಮೊದಲ ಸಲ ಒಬ್ಬ ಗಿರಾಕಿಗೆ 833 ರೂಪಾಯಿ ಖರ್ಚು, ಎರಡನೆಯ ಸಲ 185. ಮುಂದೆ ನಾವು ಯಾರಿಗೆ ಹೆಚ್ಚು ದರ ಕೊಡಲು ಒಪ್ಪುತ್ತೇವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೆಯುವವರು ತಿಳಿಯಬೇಕಾದ ಮುಖ್ಯ ಪಾಠ ಇದು: ಗಿರಾಕಿಯಾಗಬಲ್ಲ ಓದುಗನ ಒಂದು ಕ್ಲಿಕ್ಕಿಗೆ ಬೆಲೆಯಿದೆ, ಬೆರಳು ತಪ್ಪಿ ಬಿದ್ದ ಹತ್ತು ಕ್ಲಿಕ್ಕಿಗೆ ಇಲ್ಲ.

ಮಾಡಬೇಕಾದದ್ದು

1. ವಿಷಯದ ಆಯ್ಕೆ. ಜಾಹೀರಾತುಗಳನ್ನು ಬಹುಮಟ್ಟಿಗೆ ಬರಹದ ವಿಷಯ ಮತ್ತು ಓದುಗನ ಆಸಕ್ತಿ ನೋಡಿ ಯಂತ್ರವೇ ಹೊಂದಿಸುತ್ತದೆ. ಊರ ಜಾತ್ರೆಯ ವರ್ಣನೆಯನ್ನು ಸಾವಿರ ಜನ ಓದಬಹುದು, ಆದರೆ ಅವರು ಏನನ್ನೂ ಕೊಳ್ಳಲು ಹೊರಟವರಲ್ಲ. ಕಳೆ ಕತ್ತರಿಸುವ ಯಂತ್ರ ಕೊಳ್ಳುವ ಮುನ್ನ ನೋಡಬೇಕಾದ ಅಂಶಗಳು ಎಂಬ ಬರಹವನ್ನು ನೂರು ಜನ ಓದಿದರೂ ಅವರಲ್ಲಿ ಹತ್ತು ಜನ ಕೊಳ್ಳುವ ಯೋಚನೆಯಲ್ಲಿರುತ್ತಾರೆ. ಜಾತ್ರೆಯ ಬಗ್ಗೆ ಬರೆಯಬೇಡಿ ಎಂದಲ್ಲ, ಅದರಿಂದ ಜಾಹೀರಾತಿನ ವರಮಾನ ನಿರೀಕ್ಷಿಸಬೇಡಿ ಎಂದಷ್ಟೇ.

2. ಜಾಗ. ಕಣ್ಣು ಹೋಗುವ ಕಡೆ ಜಾಹೀರಾತು ಇರಬೇಕು. ಬರಹದ ಮೊದಲ ಎರಡು ಮೂರು ಪ್ಯಾರಾಗಳ ಬಳಿಕ, ಬರಹ ಮುಗಿಯುವ ಕಡೆ ಇಟ್ಟು ನೋಡಬಹುದು. ಇಂದು ಬಹಳ ಜನ ಮೊಬೈಲಿನಲ್ಲಿಯೇ ಓದುವುದರಿಂದ ಅದರಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಿ.

3. ಸಂಖ್ಯೆ. ನೆರಳು ಹೆಚ್ಚಾದರೂ ತೋಟಕ್ಕೆ ಕೇಡು, ಗಿಡ ಒತ್ತಾದರೂ ಕೇಡು. ಒಂದೇ ಬರಹಕ್ಕೆ ಆರೇಳು ಜಾಹೀರಾತು ತುಂಬಿದರೆ ತೆರೆಯಲು ತಡವಾಗುತ್ತದೆ. ಹಳ್ಳಿಯ ಸಿಗ್ನಲ್ಲಿನಲ್ಲಿ ಓದುವವರು ಬೇಸತ್ತು ಬಿಟ್ಟುಹೋಗುತ್ತಾರೆ.

4. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ಪಟ್ಟೆಯಲ್ಲಿ ಗೊಬ್ಬರವನ್ನೂ ನೆರಳನ್ನೂ ಒಟ್ಟಿಗೆ ಬದಲಾಯಿಸಿದರೆ ಫಸಲು ಹೆಚ್ಚಿದ್ದು ಯಾವುದರಿಂದ ಎಂದು ಹೇಳಲಾಗದು. ಇಲ್ಲಿಯೂ ಹಾಗೆಯೇ. ಜಾಗ ಬದಲಾಯಿಸಿದರೆ ಅಳತೆಯನ್ನು ಬದಲಾಯಿಸಬೇಡಿ. ಸಾಧ್ಯವಾದರೆ ಅರ್ಧ ಓದುಗರಿಗೆ ಹಳೆಯ ಜಾಗ, ಅರ್ಧ ಓದುಗರಿಗೆ ಹೊಸ ಜಾಗ ತೋರಿಸಿ ಹೋಲಿಸಿ.

5. ಆತುರ ಬೇಡ. ಏನೂ ಬದಲಾಯಿಸದಿದ್ದರೂ ಎಣಿಕೆ ಏರಿಳಿಯುತ್ತದೆ. ಎಣಿಕೆಯ ವರ್ಗಮೂಲದ ಎರಡರಷ್ಟು ಹೆಚ್ಚುಕಡಮೆಯನ್ನು ಆಕಸ್ಮಿಕವೆಂದೇ ತಿಳಿಯುವುದು ಕ್ಷೇಮ. 100 ಕ್ಲಿಕ್ ಬರುವ ಕಡೆ 80 ಅಥವಾ 120 ಬಂದರೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. 25 ಬರುವ ಕಡೆ 15 ಅಥವಾ 35 ಬಂದರೂ ಅಷ್ಟೇ.

ಮಾಡಬಾರದ್ದು

ಪೀಠಿಕೆಯಲ್ಲಿ ಹೇಳಿದ ನಷ್ಟದ ಸಂಗತಿ ಇದು. ನಮ್ಮ ಸದಸ್ಯರೊಬ್ಬರ ಮಗ ಬುದ್ಧಿವಂತ ಹುಡುಗ, ಚೆನ್ನಾಗಿಯೂ ಬರೆಯುತ್ತಿದ್ದ. ವರಮಾನ ನಿಧಾನವೆಂದು ಬೇಸರವಾಗಿ, ದಿನಕ್ಕೆರಡು ಸಲ ಜಾಹೀರಾತು ಒತ್ತಿರಿ ಎಂದು ನೆಂಟರಿಷ್ಟರಿಗೆಲ್ಲ ಹೇಳಿಬಿಟ್ಟ. ಚಿಕ್ಕಮ್ಮ, ಭಾವ, ಅಕ್ಕಪಕ್ಕದ ಮನೆಯವರೆಲ್ಲ ವಿಶ್ವಾಸದಿಂದ ಒತ್ತಿದರು. ಒಂದು ತಿಂಗಳು ಲೆಕ್ಕ ಚೆನ್ನಾಗಿ ಏರಿತು. ಮರುತಿಂಗಳು ಜಾಹೀರಾತು ಕಂಪನಿ ಅವನ ಖಾತೆಯನ್ನೇ ಮುಚ್ಚಿತು. ಅಕ್ರಮವಾಗಿ ಬಂದದ್ದಷ್ಟೇ ಅಲ್ಲ, ಅದಕ್ಕೆ ಮೊದಲು ನ್ಯಾಯವಾಗಿ ದುಡಿದು ಕೈಸೇರದೆ ಉಳಿದಿದ್ದ ಹಣವೂ ಹೋಯಿತು. ಎರಡು ವರ್ಷದ ಶ್ರಮ.

ಒಂದೇ ಮನೆಯ ಸಂಪರ್ಕದಿಂದ, ಅದೇ ಕೆಲವು ಮೊಬೈಲುಗಳಿಂದ ಪದೇ ಪದೇ ಬರುವ ಕ್ಲಿಕ್ಕುಗಳನ್ನು ಯಂತ್ರ ಸುಲಭವಾಗಿ ಗುರುತಿಸುತ್ತದೆ. ಆದ್ದರಿಂದ ಸ್ವಂತ ಜಾಹೀರಾತನ್ನು ತಾವು ಒತ್ತಬಾರದು, ಒತ್ತಿರೆಂದು ಯಾರನ್ನೂ ಕೇಳಬಾರದು. ಜಾಹೀರಾತಿನತ್ತ ಬಾಣದ ಗುರುತು ಹಾಕುವುದು, ಅದನ್ನು ಬರಹದ ಭಾಗವೆಂಬಂತೆ ವೇಷ ಹಾಕಿಸುವುದು, ಒತ್ತಲೇಬೇಕಾದ ಗುಂಡಿಗೆ ಅಂಟಿಸಿ ಇಡುವುದು ಇವೂ ನಿಷಿದ್ಧ. ಮೇಲ್ಭಾಗದಲ್ಲಿ ಜಾಹೀರಾತು ಎಂದು ಸ್ಪಷ್ಟವಾಗಿ ಬರೆಯುವುದು ಲೇಸು. ಒದ್ದೆ ಚೆರ್ರಿಯನ್ನು ಮೂಟೆಗೆ ತುಂಬಿ ಒಂದು ಸಲ ತೂಕ ಗಿಟ್ಟಿಸಬಹುದು. ಮರುವರ್ಷ ವ್ಯಾಪಾರಿ ನಮ್ಮ ಕಣಕ್ಕೆ ಕಾಲಿಡುವುದಿಲ್ಲ.

ಈಚಿನ ಒಂದು ಬದಲಾವಣೆ

2003ರಲ್ಲಿ ಆರಂಭವಾದ ಗೂಗಲ್ ಸಂಸ್ಥೆಯ ಆಡ್‌ಸೆನ್ಸ್ ವ್ಯವಸ್ಥೆ ಮೊದಲು ಮುಖ್ಯವಾಗಿ ಕ್ಲಿಕ್ಕಿನ ಲೆಕ್ಕದಲ್ಲಿ ಹಣ ಕೊಡುತ್ತಿತ್ತು. ಜಾಹೀರಾತು ಎಷ್ಟು ಸಲ ಕಾಣಿಸಿತು ಎಂಬ ಲೆಕ್ಕಕ್ಕೆ ಬದಲಾಗುವುದಾಗಿ 2023ರ ನವೆಂಬರ್‌ನಲ್ಲಿ ಅದು ಪ್ರಕಟಿಸಿತು. ಹಾಗಾದರೆ ಓಟಿ ಬೇಡವೇ ಎಂದರೆ, ಬೇಕು. ವ್ಯಾಪಾರಿ ಇಂದಿಗೂ ತನಗೆ ಬಂದ ಫಲ ನೋಡಿಯೇ ಬೆಲೆ ಕೂಗುತ್ತಾನೆ. ಫಲ ಕೊಡದ ಜಾಗಕ್ಕೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಸಾವಿರಕ್ಕೆ ಎಷ್ಟು ಬಂತು ಎಂಬ ಅಳತೆಗೋಲನ್ನೇ ಹಿಡಿಯಿರಿ ಎಂದು ನಾವು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿಯೇ.

ಕೊನೆಯದಾಗಿ ಎರಡು ಮಾತು. ಆಡ್‌ಸೆನ್ಸ್‌ನಲ್ಲಿ ಬಾಕಿ 100 ಡಾಲರ್ ಮುಟ್ಟಿದ ಮೇಲೆಯೇ ಹಣ ಬ್ಯಾಂಕಿಗೆ ಬರುತ್ತದೆ. ಸಣ್ಣ ಬರಹಗಾರರಿಗೆ ಇದಕ್ಕೆ ಹಲವು ತಿಂಗಳು ಹಿಡಿಯಬಹುದಾದ್ದರಿಂದ ಇದನ್ನು ನಂಬಿ ಸಾಲ ಮಾಡುವುದು ಬೇಡ. ಮತ್ತು ಈ ವರಮಾನ ಕೃಷಿ ವರಮಾನವಲ್ಲ. ತೋಟದ ಲೆಕ್ಕದಲ್ಲಿ ಸೇರಿಸದೆ, ತೆರಿಗೆಯ ಪತ್ರದಲ್ಲಿ ಬೇರೆಯಾಗಿ ತೋರಿಸಬೇಕು.

ಮಕ್ಕಳು ಬರೆಯಲಿ, ಗಳಿಸಲಿ. ಹಿರಿಯರು ತಿಂಗಳಿಗೊಮ್ಮೆ ಪಕ್ಕದಲ್ಲಿ ಕುಳಿತು, ಸಾವಿರಕ್ಕೆ ಎಷ್ಟಾಯಿತಪ್ಪಾ ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಮಳೆಯ ಲೆಕ್ಕ ಬರೆಯುವ ಅಭ್ಯಾಸವಿರುವ ನಮಗೆ ಇದು ಕಷ್ಟದ ಕೆಲಸವಲ್ಲ.